ತೊಗಲಿನೊಡನೆ ಸಂಧಾನ

ಮನುಷ್ಯನಿಗೆ ಬರುವ ಕಾಯಿಲೆಗಳಲ್ಲಿ ಬಹುಪಾಲು ಒಳಗಿನವು. ಹೊಟ್ಟೆಯ ಹುಣ್ಣಾಗಲಿ, ರಕ್ತದ ಒತ್ತಡವಾಗಲಿ, ಸಕ್ಕರೆಯ ಕಾಯಿಲೆಯಾಗಲಿ, ರೋಗಿ ತಾನಾಗಿ ಬಾಯಿಬಿಟ್ಟು ಹೇಳಿದ ಹೊರತು ಎದುರಿಗಿರುವವರಿಗೆ ತಿಳಿಯುವಂತಿಲ್ಲ. ಚರ್ಮದ ಕಾಯಿಲೆಗೆ ಮಾತ್ರ ಈ ಸೌಕರ್ಯವಿಲ್ಲ. ಅದು ಪುಸ್ತಕದ ಹೊದಿಕೆಯ ಮೇಲೆಯೇ ಅಚ್ಚಾದ ಬರಹ. ಬೇಡವೆಂದರೂ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ಅದನ್ನು ಓದಿಬಿಡುತ್ತಾರೆ; ಓದಿ ತಮಗೆ ತೋಚಿದ ಅರ್ಥವನ್ನೂ ಮಾಡಿಕೊಳ್ಳುತ್ತಾರೆ.

ಈ ಅರ್ಥ ಮಾಡಿಕೊಳ್ಳುವುದರಲ್ಲಿ ನಮ್ಮ ಭಾಷೆಯ ಪಾಲೂ ಸ್ವಲ್ಪ ಇದೆಯೆಂದು ನನಗೆ ಎಷ್ಟೋ ಸಲ ತೋರಿದೆ. ಕಾಯಿಲೆ ಹೋಯಿತು ಎನ್ನುವುದಕ್ಕೆ ಕನ್ನಡದಲ್ಲಿ ನಾವು 'ಗುಣವಾಯಿತು' ಎನ್ನುತ್ತೇವೆ. ನಡತೆ ಒಳ್ಳೆಯದು ಎನ್ನುವುದಕ್ಕೂ 'ಗುಣ'ವೇ. ಒಂದೇ ಮಾತು ಆರೋಗ್ಯಕ್ಕೂ ಶೀಲಕ್ಕೂ ಸಲ್ಲುವುದರಿಂದ, ವರ್ಷಗಟ್ಟಲೆ ಗುಣವಾಗದ ಕಾಯಿಲೆಯವನ ಗುಣದಲ್ಲಿಯೇ ಏನೋ ಕೊರತೆಯಿರಬೇಕೆಂಬ ಶಂಕೆ ಜನರ ಮನಸ್ಸಿನಲ್ಲಿ ಸುಳಿಯುತ್ತದೆ. 'ಸರಿಯಾಗಿ ಪಥ್ಯ ಮಾಡಲಿಲ್ಲವೇನೋ', 'ಶುಚಿಯಾಗಿರುವುದಿಲ್ಲವೇನೋ', 'ಯಾವ ಜನ್ಮದ ಪಾಪವೋ', 'ನಾಗದೋಷ ಇದ್ದೀತು' ಎಂಬ ಮಾತುಗಳೆಲ್ಲ ಈ ಶಂಕೆಯ ಮಕ್ಕಳೇ. ಕೆಲವೊಮ್ಮೆ ರೋಗಿಯ ಮನಸ್ಸೂ ಇದಕ್ಕೆ ತಲೆದೂಗುತ್ತದೆ. ಹೀಗೆ ಮೈಯ ನೋವಿನ ಜೊತೆಗೆ, ತಾನು ಮಾಡದ ತಪ್ಪಿಗೆ ತಲೆತಗ್ಗಿಸುವ ನೋವೂ ಸೇರುತ್ತದೆ.

ಏನಿದು ಈ ವ್ಯಾಧಿ?

ಇಂಥ ವ್ಯಾಧಿಗಳಲ್ಲಿ ಸೋರಿಯಾಸಿಸ್ ಒಂದು. ಅದನ್ನೇ ಇಲ್ಲಿ ಆರಿಸಿಕೊಳ್ಳುವುದಕ್ಕೆ ಕಾರಣವುಂಟು: ಕಳೆದ ಹನ್ನೊಂದು ವರ್ಷಗಳಿಂದ ಅದು ಈ ಲೇಖಕನ ಸಂಗಡಿಗ.

ನಮ್ಮ ಚರ್ಮದ ಮೇಲುಪದರ ಸದಾ ಹೊಸದಾಗುತ್ತಲೇ ಇರುತ್ತದೆ. ತಳದಲ್ಲಿ ಹುಟ್ಟಿದ ಜೀವಕೋಶ ಮೆಲ್ಲಮೆಲ್ಲನೆ ಮೇಲೇರಿ, ಒಣಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಹೊಟ್ಟಾಗಿ ಉದುರಿಹೋಗುವುದಕ್ಕೆ ಸುಮಾರು ನಾಲ್ಕು ವಾರ ಹಿಡಿಯುತ್ತದೆ. ಸೋರಿಯಾಸಿಸ್ ಇರುವ ಜಾಗದಲ್ಲಿ ಈ ಪಯಣವೆಲ್ಲ ಮೂರರಿಂದ ಐದು ದಿನಗಳಲ್ಲಿ ಮುಗಿದುಬಿಡುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಬಂದು ಒತ್ತುತ್ತದೆ. ಹೀಗೆ ಪದರದ ಮೇಲೆ ಪದರ ಕೂಡಿ, ಕೆಂಪಾದ ಮಂದ ಪಟ್ಟೆಗಳಾಗಿ, ಮೇಲೆ ಬೆಳ್ಳಿಯ ಬಣ್ಣದ ಹೊಟ್ಟು ಕಟ್ಟುತ್ತದೆ. ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗ ಇವು ಅದರ ಮೆಚ್ಚಿನ ಠಾವುಗಳು. ಕೆಲವರಿಗೆ ಉಗುರಿನಲ್ಲಿ ಸೂಜಿ ಚುಚ್ಚಿದಂತೆ ಸಣ್ಣ ಗುಳಿಗಳು ಬೀಳುತ್ತವೆ. ಅಂಗೈ, ಅಂಗಾಲುಗಳಿಗೆ ಬಂದರೆ ಅಲ್ಲಿಯ ಗಟ್ಟಿ ಚರ್ಮ ಬಾಗಲಾರದೆ ಬಿರಿಯುತ್ತದೆ. ಬಿರುಕು ಆಳವಾಗಿ ರಕ್ತ ಒಸರುತ್ತದೆ.

ಚರ್ಮಕ್ಕೆ ಈ ಅವಸರ ಏಕೆ? ದೇಹವನ್ನು ಹೊರಗಿನ ಶತ್ರುಗಳಿಂದ ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ಇಲ್ಲಿ ತಪ್ಪುತಿಳಿವಳಿಕೆಯಿಂದ ವರ್ತಿಸುತ್ತದೆ. ಕಳ್ಳರಿಲ್ಲದ ಮನೆಗೆ ಕಾವಲುಗಾರರು ನುಗ್ಗಿ ಗದ್ದಲ ಮಾಡಿದ ಹಾಗೆ, ರಕ್ತದ ಬಿಳಿಯ ಕಣಗಳು ಚರ್ಮದಲ್ಲಿ ಸೇರಿ ಉರಿಯೂತವನ್ನು ಎಬ್ಬಿಸುತ್ತವೆ. ಚರ್ಮ ಹೆದರಿ ಬೇಗಬೇಗ ಬೆಳೆಯುತ್ತದೆ. ಈ ಪ್ರವೃತ್ತಿ ಸ್ವಲ್ಪಮಟ್ಟಿಗೆ ವಂಶದಿಂದ ಬರುತ್ತದೆ. ಆದರೆ ಬೀಜವಿದ್ದವರಲ್ಲೆಲ್ಲ ಅದು ಮೊಳೆಯಬೇಕೆಂದಿಲ್ಲ. ಗಂಟಲಿನ ಸೋಂಕು, ಮನಸ್ಸಿನ ಒತ್ತಡ, ಚಳಿಗಾಲದ ಒಣಹವೆ, ಹೊಗೆಸೊಪ್ಪು, ಮದ್ಯ, ಕೆಲವು ಔಷಧಗಳು ಅದನ್ನು ಕೆರಳಿಸುತ್ತವೆ. ಗಾಯವಾದ ಜಾಗದಲ್ಲಿಯೂ ಅದು ಹೊಸದಾಗಿ ಏಳುವುದುಂಟು. ಇದನ್ನು ಮೊದಲು ವಿವರಿಸಿದವನು ಬ್ರೆಸ್ಲಾವ್ ನಗರದ ವೈದ್ಯ ಹೈನ್‌ರಿಕ್ ಕೋಬ್ನರ್. ಕುದುರೆ ಕಚ್ಚಿದ ಕಡೆ, ಹಚ್ಚೆ ಹೊಯ್ಯಿಸಿಕೊಂಡ ಕಡೆ ಸೋರಿಯಾಸಿಸ್ ಎದ್ದ ರೋಗಿಯೊಬ್ಬನ ವಿಷಯವನ್ನು ಅವನು ೧೮೭೨ರಲ್ಲಿ ತಿಳಿಸಿದನು.

ಮುಖ್ಯವಾದ ಮಾತೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ಇದು ಅಂಟುರೋಗವಲ್ಲ. ಮುಟ್ಟಿದರೆ ಬರುವುದಿಲ್ಲ, ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಜಗತ್ತಿನಲ್ಲಿ ಕಡಮೆಯೆಂದರೂ ಹತ್ತು ಕೋಟಿ ಜನ ಇದರಿಂದ ನರಳುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೬ರ ತನ್ನ ವರದಿಯಲ್ಲಿ ಹೇಳಿದೆ. ಈ ರೋಗಿಗಳನ್ನು ಸಮಾಜ ದೂರವಿಡಬಾರದೆಂಬ ವಿಷಯ ೨೦೧೪ರಲ್ಲಿಯೇ ಆ ಸಂಸ್ಥೆಯ ಮಹಾಸಭೆಯ ಮುಂದೆ ಬಂದು ನಿರ್ಣಯವಾಗಿತ್ತು.

ಹೆಸರು ತಂದ ಅನಿಷ್ಟ

ಈ ವ್ಯಾಧಿಗೆ ಹೆಸರಿನಿಂದ ಆದ ಅನ್ಯಾಯ ಸಾಮಾನ್ಯವಾದುದಲ್ಲ. ನಮ್ಮ ಆಯುರ್ವೇದದ ಗ್ರಂಥಗಳಲ್ಲಿ 'ಕುಷ್ಠ' ಎಂಬುದು ಚರ್ಮದ ಅನೇಕ ವಿಕಾರಗಳಿಗೆ ಹೊದಿಸಿದ ಒಂದು ದೊಡ್ಡ ಹೆಸರು. ಚರಕಸಂಹಿತೆ ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಎಣಿಸುತ್ತದೆ. ಮೀನಿನ ಹುರುಪೆಯಂತಿರುವ ಏಕಕುಷ್ಠವೆಂಬುದು ಅವುಗಳಲ್ಲಿ ಒಂದು. ಸೋರಿಯಾಸಿಸ್ಸಿಗೆ ಅದು ಸಮೀಪವೆಂದು ಇಂದಿನ ಆಯುರ್ವೇದ ವೈದ್ಯರು ಭಾವಿಸುತ್ತಾರೆ. ಕಾಲಕ್ರಮದಲ್ಲಿ ಕುಷ್ಠವೆಂಬ ಮಾತು ಕೈಬೆರಳು ಮೊಟಕಾಗಿಸುವ ಒಂದೇ ರೋಗಕ್ಕೆ ಮೀಸಲಾಯಿತು. ಅದರ ಭಯ ಮಾತ್ರ ಚರ್ಮದ ಮೇಲಿನ ಎಲ್ಲ ಕಲೆಗಳಿಗೂ ಹರಡಿಕೊಂಡಿತು.

ಯೂರೋಪಿನಲ್ಲಿಯೂ ಇದೇ ಗೊಂದಲ. 'ಸೋರಾ' ಎಂದರೆ ಗ್ರೀಕ್ ಭಾಷೆಯಲ್ಲಿ ತುರಿಕೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ವಿಲನ್ ಎಂಬ ವೈದ್ಯ ಇದನ್ನು ಬಹು ಚೆನ್ನಾಗಿ ವರ್ಣಿಸಿದನು. ಆದರೆ ಇದರ ಒಂದು ರೂಪಕ್ಕೆ 'ಲೆಪ್ರಾ' ಎಂದೇ ಹೆಸರಿಟ್ಟುದರಿಂದ ಕುಷ್ಠದ ನಂಟು ಬಿಡಲಿಲ್ಲ. ೧೮೪೧ರಲ್ಲಿ ವಿಯೆನ್ನಾದ ಫರ್ಡಿನೆಂಡ್ ಹೆಬ್ರಾ ಎಂಬಾತ ಇವೆರಡೂ ಬೇರೆ ಬೇರೆಯೆಂದು ತೀರ್ಮಾನ ಕೊಟ್ಟನು. ಅಲ್ಲಿಯವರೆಗೆ ಎಷ್ಟು ಮಂದಿ ಊರ ಹೊರಗಿನ ಗುಡಿಸಲುಗಳಲ್ಲಿ ವೃಥಾ ಬಾಳು ಸವೆಸಿದರೋ ಲೆಕ್ಕವಿಟ್ಟವರಿಲ್ಲ. ಕುಷ್ಠವಾದರೂ ಇಂದು ಔಷಧಕ್ಕೆ ಮಣಿದು ಪೂರ್ತಿ ವಾಸಿಯಾಗುವ ರೋಗ. ಅದರ ರೋಗಿಗಳನ್ನು ದೂರವಿಡುವುದಕ್ಕೂ ಈಗ ಯಾವ ಕಾರಣವೂ ಉಳಿದಿಲ್ಲ.

ನಮ್ಮ ಪುರಾಣಗಳಲ್ಲಿ ಮತ್ತೊಂದು ದನಿಯೂ ಇದೆ. ಶ್ರೀಕೃಷ್ಣನ ಮಗ ಸಾಂಬ ಶಾಪದಿಂದ ಕುಷ್ಠಿಯಾಗಿ ಸೂರ್ಯನನ್ನು ಆರಾಧಿಸಿ ಮೈ ತಿಳಿಯಾಗಿಸಿಕೊಂಡನೆಂಬ ಕಥೆಯನ್ನು ಹಿರಿಯರಿಂದ ಕೇಳಿದವರುಂಟು. ಹರ್ಷನ ಆಸ್ಥಾನದ ಮಯೂರಕವಿ 'ಸೂರ್ಯಶತಕ'ವನ್ನು ರಚಿಸಿ ಇಂಥದೇ ವ್ಯಾಧಿಯಿಂದ ಪಾರಾದನೆಂಬ ಐತಿಹ್ಯವೂ ಇದೆ. ಕಥೆಯ ಶಾಪವನ್ನು ಒತ್ತಟ್ಟಿಗಿಟ್ಟರೆ ಸೂರ್ಯನ ವಿಷಯ ಗಮನಾರ್ಹವಾದುದು. ಬಿಸಿಲಿನಲ್ಲಿರುವ ನೇರಳಾತೀತ ಕಿರಣ ಸೋರಿಯಾಸಿಸ್ಸಿನ ಉರಿಯೂತವನ್ನು ತಗ್ಗಿಸುತ್ತದೆಂಬುದು ಇಂದು ಆಸ್ಪತ್ರೆಗಳಲ್ಲಿ ನಿತ್ಯ ಬಳಕೆಯಲ್ಲಿರುವ ಸತ್ಯ.

ನೋವಿನ ಲೆಕ್ಕ

'ಬರಿಯ ಚರ್ಮದ ಕಾಯಿಲೆ ತಾನೆ, ಪ್ರಾಣಕ್ಕೇನೂ ಅಪಾಯವಿಲ್ಲವಲ್ಲ' ಎಂದು ಸಮಾಧಾನ ಹೇಳುವವರು ಬಹಳ. ಅವರ ಉದ್ದೇಶ ಒಳ್ಳೆಯದೇ. ಆದರೆ ಬಿರಿದ ಅಂಗೈಯವನ ಒಂದು ದಿನವನ್ನು ಅವರು ಕಂಡಿರಲಾರರು.

ನನ್ನ ವ್ಯಾಧಿ ನೆಲಸಿರುವುದು ಮುಖ್ಯವಾಗಿ ಎರಡು ಅಂಗೈಗಳಲ್ಲಿ ಮತ್ತು ಹಿಮ್ಮಡಿಗಳಲ್ಲಿ. ಕೆರಳಿದ ದಿನಗಳಲ್ಲಿ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದರಿಂದಲೇ ಪರೀಕ್ಷೆ ಮೊದಲಾಗುತ್ತದೆ. ಹುಳಿಯನ್ನ ಕಲಸಿದರೆ ಉಪ್ಪು, ಹುಣಿಸೆ, ಮೆಣಸಿನಕಾಯಿ ಮೂರೂ ಬಿರುಕಿಗೆ ಇಳಿದು ಕಣ್ಣಲ್ಲಿ ನೀರು ಬರಿಸುತ್ತವೆ. ಮದುವೆಯ ಮನೆಯಲ್ಲಿ ಎಲೆಯ ಮುಂದೆ ಕುಳಿತು ಚಮಚ ಕೇಳಿದರೆ, 'ಮೇಷ್ಟರಿಗೆ ಸಾಹೇಬರ ರೂಢಿ ಬಂದಿದೆ' ಎಂಬ ಹಾಸ್ಯ. ಬಸ್ಸಿನ ಕಂಬಿಯನ್ನು ಮುಷ್ಟಿಯಲ್ಲಿ ಹಿಡಿಯುವ ಬದಲು ಮಣಿಕಟ್ಟಿನಿಂದ ಅವುಚಿಕೊಳ್ಳಬೇಕು. ಸೀಮೆಸುಣ್ಣದ ಪುಡಿ ಕೈಯ ತೇವವನ್ನೆಲ್ಲ ಹೀರಿಬಿಡುತ್ತದೆ. ಒಮ್ಮೆ ಉತ್ತರಪತ್ರಿಕೆಗಳನ್ನು ನೋಡುತ್ತಿದ್ದಾಗ ಹಳಗನ್ನಡ ಪದ್ಯದ ಸಾರಾಂಶದ ಮೇಲೆ ರಕ್ತದ ಒಂದು ಹನಿ ಬಿದ್ದು, ಕೆಂಪು ಶಾಯಿಯೆಂದು ವಿದ್ಯಾರ್ಥಿ ಗಾಬರಿಯಾಗದಿರಲೆಂದು ಪಕ್ಕದಲ್ಲಿ ಸಣ್ಣದೊಂದು ಟಿಪ್ಪಣಿ ಬರೆದೆನು. ಹಿಮ್ಮಡಿ ಬಿರಿದಾಗ ಮಹಡಿಯ ಮೇಲಿನ ತರಗತಿಗೆ ಹತ್ತುವ ಒಂದೊಂದು ಮೆಟ್ಟಿಲೂ ಲೆಕ್ಕಕ್ಕೆ ಸಿಗುತ್ತದೆ.

ಇವೆಲ್ಲ ಸಹಿಸಬಹುದಾದ ನೋವುಗಳು. ಇದಕ್ಕಿಂತ ಬೇರೆ ಜಾತಿಯವು ಕೆಲವಿವೆ. ಅಂಗಡಿಯವರು ಚಿಲ್ಲರೆಯನ್ನು ಕೈಗೆ ಕೊಡದೆ ಗಾಜಿನ ಮೇಲಿಟ್ಟು ಸರಿಸುವುದು, ಕ್ಷೌರದಂಗಡಿಯಲ್ಲಿ ನೆತ್ತಿಯ ಹೊಟ್ಟನ್ನು ಕಂಡು ಕತ್ತರಿ ಒಂದು ಕ್ಷಣ ನಿಲ್ಲುವುದು, ಅಂಗಿ ಬನಿಯನ್ನು ತೆಗೆದು ಒಳಗೆ ಹೋಗಬೇಕಾದ ದೇವಸ್ಥಾನದ ಬಾಗಿಲಿನಲ್ಲಿ ಬೆನ್ನಿನ ಪಟ್ಟೆಗಳ ನೆನಪಾಗಿ ಹೊರಗೇ ಕೈಮುಗಿದು ಹಿಂದಿರುಗುವುದು, ಹೆಣ್ಣುಮಕ್ಕಳಾದರೆ ಬಳೆ ತೊಡಿಸುವವರ ಮುಂದೆ ಕೈ ಚಾಚಲು ಹಿಂಜರಿಯುವುದು—ಈ ಕಾಯಿಲೆಯವರು ಸೇರಿದ ಕಡೆ ಇಂಥ ಪ್ರಸಂಗಗಳನ್ನು ಎಷ್ಟು ಬೇಕಾದರೂ ಕೇಳಬಹುದು.

ಅಮೆರಿಕದ ಪ್ರಸಿದ್ಧ ಕಾದಂಬರಿಕಾರ ಜಾನ್ ಅಪ್‌ಡೈಕ್‌ಗೆ ಆರನೆಯ ವಯಸ್ಸಿನಲ್ಲಿ ಈ ವ್ಯಾಧಿ ಬಂದಿತು. ತನ್ನ ಚರ್ಮದೊಡನೆ ತಾನು ನಡೆಸಿದ ಯುದ್ಧವನ್ನು ಅವನು ೧೯೮೫ರಲ್ಲಿ ದೀರ್ಘವಾದ ಒಂದು ಪ್ರಬಂಧವಾಗಿ ಬರೆದನು. ಜನರ ಮುಂದೆ ನಿಲ್ಲಬೇಕಾಗದ ವೃತ್ತಿಯೆಂದು ಬರವಣಿಗೆಯನ್ನು ಹಿಡಿದುದು, ಬಿಸಿಲಿಗಾಗಿ ಕಡಲತೀರದ ಊರಿಗೆ ಸಂಸಾರವನ್ನು ಸಾಗಿಸಿದುದು, ಎಲ್ಲದರ ಹಿಂದೆಯೂ ತನ್ನ ಚರ್ಮವಿತ್ತೆಂದು ಅವನು ಅದರಲ್ಲಿ ತೋಡಿಕೊಂಡಿದ್ದಾನೆ. ಇಂಗ್ಲೆಂಡಿನ ನಾಟಕಕಾರ ಡೆನಿಸ್ ಪಾಟರ್‌ಗೆ ಚರ್ಮದ ಜೊತೆಗೆ ಕೀಲುಗಳಿಗೂ ವ್ಯಾಧಿ ಹರಡಿ ಕೈಗಳು ಮುಷ್ಟಿಕಟ್ಟಿಹೋಗಿದ್ದವು. ಲೇಖನಿಯನ್ನು ಕೈಗೆ ಕಟ್ಟಿಕೊಂಡು ಅವನು ಬರೆಯುತ್ತಿದ್ದನು. ೧೯೮೬ರಲ್ಲಿ ಬ್ರಿಟಿಷ್ ದೂರದರ್ಶನದಲ್ಲಿ ಪ್ರಸಾರವಾದ ಅವನ 'ದಿ ಸಿಂಗಿಂಗ್ ಡಿಟೆಕ್ಟಿವ್' ನಾಟಕಮಾಲೆಯ ನಾಯಕ, ಇದೇ ಕಾಯಿಲೆಯಿಂದ ಆಸ್ಪತ್ರೆಯ ಹಾಸಿಗೆ ಹಿಡಿದ ಒಬ್ಬ ಲೇಖಕ.

ಔಷಧಗಳ ಹಾದಿ

ಈ ವ್ಯಾಧಿಯ ಔಷಧಗಳ ಇತಿಹಾಸ ಒಂದು ಕಾದಂಬರಿಯಂತಿದೆ; ಅದರ ಒಂದು ಅಧ್ಯಾಯ ನಮ್ಮ ನೆರೆಯಲ್ಲಿಯೇ ನಡೆದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ 'ಗೋವಾ ಪುಡಿ' ಎಂಬ ಹಳದಿ ಪುಡಿಯೊಂದು ಹುಳುಕಡ್ಡಿಗೆ ರಾಮಬಾಣವೆಂದು ಹೆಸರಾಗಿತ್ತು. ಅದು ಎಲ್ಲಿಂದ ಬರುತ್ತದೆಂಬುದು ಬಹುಕಾಲ ಗುಟ್ಟಾಗಿತ್ತು. ಬ್ರೆಜಿಲ್ ದೇಶದ ಬಾಹಿಯಾ ಪ್ರಾಂತದ ಅರರೋಬ ಎಂಬ ಮರದ ಕಾಂಡದ ಪೊಟರೆಗಳಲ್ಲಿ ದೊರೆಯುವ ಪುಡಿಯೇ ಅದೆಂದೂ, ಪೋರ್ಚುಗೀಸರ ಮೂಲಕ ಗೋವೆಗೆ ಬಂದಿತೆಂದೂ ೧೮೭೦ರ ದಶಕದಲ್ಲಿ ಬಯಲಾಯಿತು. ಅದೇ ದಶಕದಲ್ಲಿ ಲಂಡನ್ನಿನ ಬಾಲ್ಮನೊ ಸ್ಕ್ವೈರ್ ಎಂಬ ವೈದ್ಯ ಅದು ಸೋರಿಯಾಸಿಸ್ಸಿಗೆ ಒದಗುವುದನ್ನು ಕಂಡನು. ಮೊದಲನೆಯ ಮಹಾಯುದ್ಧದಲ್ಲಿ ಆ ಪುಡಿ ಜರ್ಮನಿಗೆ ಬರುವುದು ನಿಂತಿತು. ೧೯೧೬ರಲ್ಲಿ ಅಲ್ಲಿಯ ರಸಾಯನಜ್ಞರು ಅದಕ್ಕೆ ಬದಲಿಯನ್ನು ಪ್ರಯೋಗಶಾಲೆಯಲ್ಲಿ ಸಿದ್ಧಮಾಡಿದರು. ಅದೇ ಡೈಥ್ರನಾಲ್. ಚರ್ಮವನ್ನೂ ಬಟ್ಟೆಯನ್ನೂ ಕಂದುಬಣ್ಣಕ್ಕೆ ತಿರುಗಿಸುವ ಈ ಮುಲಾಮು ಮುಂದೆ ಅನೇಕ ದಶಕಗಳ ಕಾಲ ರೋಗಿಗಳ ಪಾಲಿನ ಆಸರೆಯಾಗಿತ್ತು.

೧೯೨೫ರಲ್ಲಿ ಅಮೆರಿಕದ ಗೋಕರ್‌ಮನ್ ಎಂಬ ವೈದ್ಯ ಕಲ್ಲಿದ್ದಲ ಟಾರನ್ನು ಬಳಿದು ನೇರಳಾತೀತ ದೀಪದ ಕೆಳಗೆ ರೋಗಿಯನ್ನು ನಿಲ್ಲಿಸುವ ಕ್ರಮವನ್ನು ತಂದನು. ೧೯೫೨ರಲ್ಲಿ ಹಚ್ಚುವ ಸ್ಟೀರಾಯ್ಡ್ ಬಂದಿತು. ಅದೇ ದಶಕದಲ್ಲಿ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ಈ ವ್ಯಾಧಿಗೆ ಬಳಕೆಯಾಗತೊಡಗಿತು. ೧೯೭೪ರಲ್ಲಿ ಸೊರಾಲೆನ್ ಜಾತಿಯ ಔಷಧ ನುಂಗಿಸಿ ಬೆಳಕು ಹಾಯಿಸುವ ವಿಧಾನ ಪ್ರಕಟವಾಯಿತು. ನಮ್ಮ ಹಳ್ಳಿಯ ವೈದ್ಯರು ತೊನ್ನಿಗೆ ಕೊಡುತ್ತಿದ್ದ ಬಾವಂಚಿ ಬೀಜದಲ್ಲಿಯೂ ಇರುವುದು ಸೊರಾಲೆನ್ನೇ. ೧೯೭೯ರಲ್ಲಿ, ದೇಹದ ರಕ್ಷಣಾವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಎಂಬ ಔಷಧ ಸೋರಿಯಾಸಿಸ್ಸನ್ನೂ ಶಮನಗೊಳಿಸುವುದು ಕಂಡುಬಂದು, ರೋಗದ ಮೂಲ ಎಲ್ಲಿದೆಯೆಂಬುದಕ್ಕೆ ಸುಳಿವು ಸಿಕ್ಕಿತು. ಈ ಸುಳಿವನ್ನು ಹಿಡಿದು ಇಪ್ಪತ್ತೊಂದನೆಯ ಶತಮಾನದ ಆರಂಭದಿಂದ ಬಂದವು ಜೈವಿಕ ಔಷಧಗಳು. ಇವು ಉರಿಯೂತದ ಸರಪಳಿಯ ಒಂದು ಕೊಂಡಿಯನ್ನಷ್ಟೇ ಗುರಿಯಾಗಿಟ್ಟು ಕತ್ತರಿಸುತ್ತವೆ. ಇವುಗಳಲ್ಲಿ ಒಂದಾದ ಇಟೊಲಿಜುಮ್ಯಾಬನ್ನು ೨೦೧೩ರಲ್ಲಿ ಮಾರುಕಟ್ಟೆಗೆ ತಂದದ್ದು ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯೆಂಬುದು ಕನ್ನಡಿಗರಿಗೆ ಸಂತೋಷದ ವಿಷಯ. ಬೆಲೆ ಮಾತ್ರ ಈ ವರ್ಗದ ಔಷಧಗಳಿಗೆ ಇಂದಿಗೂ ಹೆಚ್ಚು.

ಗುಣವೋ, ವಾಸಿಯೋ?

ಇಷ್ಟೆಲ್ಲ ಔಷಧಗಳಿದ್ದರೂ ಯಾವುದೂ ಈ ವ್ಯಾಧಿಯನ್ನು ಬೇರುಸಹಿತ ಕೀಳುವುದಿಲ್ಲ. ಅಡಗಿಸುತ್ತವೆ, ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಸುಳಿವೇ ಇಲ್ಲದಂತೆ ಮಾಡುತ್ತವೆ. ಮತ್ತೆ ಎಂದೋ ಅದು ತಲೆಯೆತ್ತುತ್ತದೆ. ಈ ಸಂಗತಿಯನ್ನು ವೈದ್ಯರು ಮೊದಲ ದಿನವೇ ಹೇಳಿದಾಗ ರೋಗಿಯ ಕಾಲ ಕೆಳಗಿನ ನೆಲ ಕುಸಿದಂತಾಗುತ್ತದೆ. ಅಲ್ಲಿಂದ ಮುಂದೆ ಅನೇಕರು ಹುಡುಕಾಟಕ್ಕೆ ಹೊರಡುತ್ತಾರೆ. 'ಮೂರೇ ತಿಂಗಳಲ್ಲಿ ಸಂಪೂರ್ಣ ಗುಣ' ಎಂಬ ಗೋಡೆಬರಹಗಳು ಅವರನ್ನು ಕರೆಯುತ್ತವೆ. ಹೆಸರಿಲ್ಲದ ಪುಡಿ, ಗುಟ್ಟಿನ ಎಣ್ಣೆಗಳಿಗೆ ಒಡವೆ ಅಡವಿಟ್ಟವರೂ ಉಂಟು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಮೊದಲು ಚರ್ಮ ಪವಾಡದಂತೆ ತಿಳಿಯಾಗುತ್ತದೆ. ನುಂಗುವ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಿದೊಡನೆ ಕಾಯಿಲೆ ಹಿಂದಿಗಿಂತ ಭಯಂಕರವಾಗಿ, ಮೈಯೆಲ್ಲ ಕೀವುಗುಳ್ಳೆಯಾಗಿ ಮರಳುವ ಅಪಾಯವಿದೆ.

ಇಲ್ಲಿ ಕನ್ನಡದ ಇನ್ನೊಂದು ಮಾತು ನಮ್ಮ ನೆರವಿಗೆ ಬರುತ್ತದೆ. ಅದು 'ವಾಸಿ'. ಕಾಯಿಲೆ ವಾಸಿಯಾಯಿತು ಎನ್ನುತ್ತೇವೆ ನಿಜ. ಆದರೆ 'ನಿನ್ನೆಗಿಂತ ಇಂದು ವಾಸಿ', 'ಅದಕ್ಕಿಂತ ಇದು ಎಷ್ಟೋ ವಾಸಿ' ಎಂದೂ ಹೇಳುತ್ತೇವೆ. ಗುಣ ಎಂಬುದು ಒಂದೇ ಹಾರಿಗೆ ದಾಟಬೇಕಾದ ಹೊಳೆ. ವಾಸಿಗೆ ಮೆಟ್ಟಿಲುಗಳಿವೆ. ಈ ತಿಂಗಳು ಹಿಮ್ಮಡಿಯಲ್ಲಿ ಐದು ಬಿರುಕು, ಬರುವ ತಿಂಗಳು ಎರಡು; ಈ ವಾರ ತುರಿಕೆಯಿಲ್ಲದೆ ನಾಲ್ಕು ರಾತ್ರಿ ನಿದ್ದೆ—ಇವೆಲ್ಲ ವಾಸಿಯ ಲೆಕ್ಕಕ್ಕೆ ಸೇರುತ್ತವೆ. ಗುಣದ ಆಸೆಗೆ ಬಿದ್ದು ವೈದ್ಯರನ್ನು ತಿಂಗಳಿಗೊಬ್ಬರಂತೆ ಬದಲಾಯಿಸುವವರಿಗೆ ಈ ವಾಸಿಯೂ ದಕ್ಕುವುದಿಲ್ಲ. ಒಬ್ಬ ಚರ್ಮವೈದ್ಯರನ್ನು ನಂಬಿ, ಅವರು ಹೇಳಿದಷ್ಟು ಕಾಲ, ಹೇಳಿದ ಕ್ರಮದಲ್ಲಿ ಚಿಕಿತ್ಸೆ ನಡೆಸಿದವರಿಗೆ ಬಹುಮಟ್ಟಿಗೆ ದಕ್ಕುತ್ತದೆ.

ಚಿಕಿತ್ಸೆಗಿಂತ ಮೊದಲು ರೋಗ ಯಾವುದೆಂದು ತಿಳಿಯಬೇಕು. ಎರಡು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ, ಏಪ್ರಿಲ್ ತಿಂಗಳ ಸೆಕೆಯಲ್ಲಿಯೂ ತುಂಬುತೋಳಿನ ಅಂಗಿ ಬಿಚ್ಚದ ವಿದ್ಯಾರ್ಥಿಯೊಬ್ಬನಿದ್ದನು. ಒಂದು ದಿನ ಪಾಠ ಮುಗಿದು ಎಲ್ಲರೂ ಹೋದ ಮೇಲೆ ಅವನು ಮೇಜಿನ ಬಳಿ ಬಂದು, "ಸಾರ್, ತಪ್ಪು ತಿಳಿಯಬೇಡಿ. ನಿಮ್ಮ ಕೈಗೆ ಏನು ಹಚ್ಚಿಕೊಳ್ಳುತ್ತೀರಿ?" ಎಂದು ಕೇಳಿದನು. ಕೇಳಿ ತೋಳು ಮಡಚಿ ತೋರಿಸಿದನು. ವಿದ್ಯಾರ್ಥಿನಿಲಯದಲ್ಲಿ ಉಳಿದವರು ಏಳುವ ಮೊದಲೇ, ನಸುಕಿನ ನಾಲ್ಕು ಗಂಟೆಗೆ ಅವನು ಸ್ನಾನ ಮುಗಿಸಿಬಿಡುತ್ತಿದ್ದನಂತೆ. ಓದು ಬಿಟ್ಟು ಊರಿಗೆ ಹೋಗಿಬಿಡುವ ಯೋಚನೆಯೂ ಇತ್ತಂತೆ. ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಅವನದು ಸೋರಿಯಾಸಿಸ್ ಆಗಿರಲೇ ಇಲ್ಲ; ಬರಿಯ ಹುಳುಕಡ್ಡಿ. ಔಷಧದಂಗಡಿಯಲ್ಲಿ ಕೇಳಿ ತಂದ, ಸ್ಟೀರಾಯ್ಡ್ ಬೆರೆತ ಮುಲಾಮನ್ನು ಒಂದು ವರ್ಷ ಹಚ್ಚಿ ಹಚ್ಚಿ ಅದು ಮೈತುಂಬ ಹರಡಿತ್ತು. ಕೆಲವು ತಿಂಗಳ ಸರಿಯಾದ ಚಿಕಿತ್ಸೆಯಿಂದ ಅವನಿಗೆ ಪೂರ್ತಿ ಗುಣವಾಯಿತು. ಅವನು ಗಿಡ್ಡತೋಳಿನ ಅಂಗಿ ಹಾಕಿಕೊಂಡು ಬಂದ ದಿನ ನನ್ನ ಅಂಗೈ ಎಂದಿನಂತೆ ಉರಿಯುತ್ತಿದ್ದರೂ ಮನಸ್ಸು ಹಗುರವಾಗಿತ್ತು.

ಇಂಥ ಅನಾಹುತ ನಮ್ಮ ದೇಶದಲ್ಲಿ ಎಷ್ಟು ವ್ಯಾಪಕವಾಯಿತೆಂದರೆ, ೨೦೧೮ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಬಗೆಯ ಹಚ್ಚುವ ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಗೊತ್ತುಮಾಡಬೇಕಾಯಿತು. ಆದಕಾರಣ ಪಕ್ಕದ ಮನೆಯವರಿಗೆ ಒದಗಿದ ಮುಲಾಮು ನಮಗೂ ಒದಗೀತೆಂದು ಹಚ್ಚುವುದು ಸರ್ವಥಾ ಕೂಡದು.

ದಿನಚರಿಯ ಶಿಸ್ತು

ಔಷಧದಷ್ಟೇ ಮುಖ್ಯವಾದುದು ದಿನಚರಿ. ಅದರಲ್ಲಿ ಖರ್ಚಿನದೇನೂ ಇಲ್ಲ. ಬೇಸರಪಡದ ಶಿಸ್ತೊಂದೇ ಬೇಕು.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಹಂಡೆಯ ಸುಡುನೀರು ತುರಿಕೆಗೆ ಆ ಕ್ಷಣ ಹಿತವಾದರೂ ಚರ್ಮದ ಜಿಡ್ಡನ್ನೆಲ್ಲ ತೊಳೆದು ಹೊರಟುಹೋಗುತ್ತದೆ. ಮೈಯುಜ್ಜುವ ಕಲ್ಲು, ಒರಟು ನಾರು ಬೇಡ. ಹೊಟ್ಟನ್ನು ಉಗುರಿನಿಂದ ಕಿತ್ತರೆ ಕೆಳಗೆ ರಕ್ತದ ಸಣ್ಣ ಸಣ್ಣ ಬಿಂದುಗಳು ಏಳುತ್ತವೆ. ಆ ಗಾಯವೇ ಹೊಸ ಪಟ್ಟೆಗೆ ನೆಲವಾದೀತು. ಉಗುರು ಸದಾ ಗಿಡ್ಡವಾಗಿರಲಿ. ಮೈ ಒರೆಸಿಕೊಂಡು ತೇವ ಆರುವ ಮೊದಲೇ ಕೊಬ್ಬರಿ ಎಣ್ಣೆಯನ್ನಾಗಲಿ, ವ್ಯಾಸಲೀನನ್ನಾಗಲಿ ಲೇಪಿಸಿಕೊಳ್ಳಬೇಕು. ಬಿರಿದ ಕೈಕಾಲುಗಳಿಗೆ ರಾತ್ರಿ ದಪ್ಪನಾಗಿ ಹಚ್ಚಿ ಹತ್ತಿಯ ಕಾಲುಚೀಲ, ಕೈಚೀಲ ತೊಟ್ಟು ಮಲಗಿದರೆ ಬೆಳಗಿನ ಮೊದಲ ಹೆಜ್ಜೆಯ ನೋವು ಬಹಳ ತಗ್ಗುತ್ತದೆ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕೆಲಸ ಮಾಡುವವರು ಒಳಗೆ ಹತ್ತಿಯದನ್ನೂ ಹೊರಗೆ ರಬ್ಬರಿನದನ್ನೂ ತೊಟ್ಟರೆ ಒಳಿತು.

ಆಹಾರದ ವಿಷಯದಲ್ಲಿ ನಮ್ಮಲ್ಲಿ 'ನಂಜು' ಎಂಬ ಕಲ್ಪನೆ ಬಲವಾಗಿದೆ. ಬದನೆಕಾಯಿ ತಿಂದುದರಿಂದ ಸೋರಿಯಾಸಿಸ್ ಬಂದಿತೆಂಬುದಕ್ಕೆ ಆಧಾರವಿಲ್ಲ. ಮದ್ಯ, ಹೊಗೆಸೊಪ್ಪು, ಅತಿಯಾದ ಬೊಜ್ಜು ಇವು ಕೆರಳಿಸುವುದು ಮಾತ್ರ ನಿಜ. ಎಳೆಬಿಸಿಲು ಹಲವರಿಗೆ ಹಿತ. ಚರ್ಮ ಸುಡುವಷ್ಟು ಬಿಸಿಲು ಕೇಡು. ಆಸ್ಪತ್ರೆಯ ಬೆಳಕಿನ ಚಿಕಿತ್ಸೆಯನ್ನು ಅಳತೆಯಿಂದ ಕೊಡುತ್ತಾರೆ. ಅದಕ್ಕೆ ಮನೆಯ ಅಂಗಳ ಬದಲಿಯಾಗದು. ಮೆಥೊಟ್ರೆಕ್ಸೇಟನ್ನು ಈ ವ್ಯಾಧಿಗೆ ವಾರಕ್ಕೊಂದು ದಿನ ಮಾತ್ರ ಕೊಡುವುದು ರೂಢಿ. ಅದನ್ನು ಮರೆತು ದಿನವೂ ನುಂಗಿದರೆ ಪ್ರಾಣಾಪಾಯ. ಬಸುರಿಯರಿಗಂತೂ ಅದು ನಿಷಿದ್ಧ.

ಬೆಳಿಗ್ಗೆ ಎದ್ದಾಗ ಬೆರಳ ಕೀಲುಗಳು ಬಿಗಿದುಕೊಂಡು ಊದಿದ್ದರೆ ತಡಮಾಡದೆ ವೈದ್ಯರಿಗೆ ಹೇಳಬೇಕು. ಈ ರೋಗಿಗಳಲ್ಲಿ ಒಂದು ಪಾಲು ಜನರಿಗೆ ಕೀಲುವಾತ ಸೇರಿಕೊಳ್ಳುತ್ತದೆ; ಅಲಕ್ಷ್ಯ ಮಾಡಿದರೆ ಕೀಲು ಶಾಶ್ವತವಾಗಿ ಕೆಡುತ್ತದೆ. ರಕ್ತದ ಒತ್ತಡ, ಸಕ್ಕರೆ, ಹೃದಯ ಇವುಗಳ ಪರೀಕ್ಷೆಯೂ ಆಗಾಗ ನಡೆಯಲಿ. ಮನಸ್ಸು ಕುಗ್ಗಿ, ಬಾಳೇ ಬೇಡವೆನಿಸಿದರೆ ಅದನ್ನೂ ಕಾಯಿಲೆಯ ಭಾಗವೆಂದೇ ತಿಳಿದು ನಾಚದೆ ವೈದ್ಯರ ಮುಂದೆ ಹೇಳಬೇಕು.

ಮನೆಯವರಿಗೊಂದು ಮಾತು

ಇಂಥ ವ್ಯಾಧಿ ಒಬ್ಬರ ಮೈಗೆ ಬಂದರೂ ಅದರೊಡನೆ ಬಾಳುವುದು ಇಡೀ ಮನೆ. ಮಗ್ಗುಲುಹಾಸಿನ ಮೇಲೆ ಬಿದ್ದ ಹೊಟ್ಟನ್ನು ಗೊಣಗದೆ ಕೊಡಹುವವರು, ಬೆನ್ನಿಗೆ ಕೈ ನಿಲುಕದ ಕಡೆ ಮುಲಾಮು ಹಚ್ಚುವವರು ರೋಗಿಗೆ ಅರ್ಧ ವೈದ್ಯರಿದ್ದಂತೆ. ಮಕ್ಕಳಿಗೆ ಈ ಕಾಯಿಲೆ ಬಂದರೆ ಶಾಲೆಯ ಉಪಾಧ್ಯಾಯರಿಗೆ ತಂದೆತಾಯಿಗಳೇ ಹೋಗಿ ತಿಳಿಸಿ, ಅಂಟುರೋಗವಲ್ಲವೆಂದು ಮನಗಾಣಿಸಬೇಕು. ಮಗು ತಾನೇ ಆ ಭಾರವನ್ನು ಹೊರಬಾರದು.

ಮದುವೆಯ ಮಾತು ಬಂದಾಗ ಇದನ್ನು ಮುಚ್ಚಿಡುವುದು ಉಚಿತವಲ್ಲ. ಇದರಿಂದಾಗಿಯೇ ಮದುವೆ ಬೇಡವೆನ್ನುವುದೂ ಉಚಿತವಲ್ಲ. ನನ್ನ ವಿಷಯದಲ್ಲಿ ಎರಡು ಕಡೆಯ ಹಿರಿಯರು ಮಾತಾಡಿ ಮುಗಿಸಿದ ಮೇಲೆ, ನಾನು ಹುಡುಗಿಯ ಎದುರಿಗೇ ಅಂಗೈಗಳನ್ನು ಬಿಚ್ಚಿ ತೋರಿಸಿ ಇದ್ದುದನ್ನು ಹೇಳಿದೆನು. ಅದುವರೆಗೆ ನನ್ನ ಕೈ ನೋಡಿದವರೆಲ್ಲರ ಮೊದಲ ಪ್ರಶ್ನೆ 'ಅಂಟುತ್ತದೆಯೇ?' ಎಂಬುದು, ಇಲ್ಲವೇ 'ಯಾರಿಗೆ ತೋರಿಸಿದಿರಿ?' ಎಂಬುದು. ಆಕೆ ಸ್ವಲ್ಪ ಹೊತ್ತು ನೋಡಿ, "ಬಹಳ ನೋಯುತ್ತದೆಯೇ?" ಎಂದಳು. ಆ ಪ್ರಶ್ನೆಯನ್ನು ವೈದ್ಯರಲ್ಲದ ಒಬ್ಬರ ಬಾಯಿಂದ ನಾನು ಕೇಳಿದುದು ಅದೇ ಮೊದಲು. ಇಂದು ಆ ಪ್ರಶ್ನೆ ನಮ್ಮ ಮನೆಯಲ್ಲಿ ಹಾಲು ತಂದಿರಾ ಎಂಬಷ್ಟು ಸಾಮಾನ್ಯವಾಗಿಬಿಟ್ಟಿದೆ.

ಓ‌ದುಗರ ಬಂಧುಬಳಗದಲ್ಲಿಯೂ ಇಂಥವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮುಂದಿನ ಸಲ ಅವರನ್ನು ಕಂಡಾಗ 'ಇನ್ನೂ ಗುಣವಾಗಲಿಲ್ಲವೇ?' ಎಂದು ಕೇಳದಿರಿ. ಅದಕ್ಕೆ ಅವರಲ್ಲಿ ಉತ್ತರವಿಲ್ಲ. ಹೊಸದೊಂದು ಎಣ್ಣೆಯ ಹೆಸರನ್ನೂ ಹೇಳದಿರಿ. ಅವರು ಅದನ್ನಾಗಲೇ ಹಚ್ಚಿ ಬಿಟ್ಟಿರುವ ಸಂಭವವೇ ಹೆಚ್ಚು. ಪಕ್ಕದಲ್ಲಿ ಕುಳಿತು, ಕೈಕುಲುಕಿ, 'ಈ ದಿನ ವಾಸಿಯೇ?' ಎಂದು ಕೇಳಿದರೆ ಸಾಕು. 'ನಿನ್ನೆಗಿಂತ ವಾಸಿ' ಎಂಬ ಉತ್ತರ ಅವರಿಂದ ಬಂದರೂ ಬಂದೀತು.